ದೊರೆ ಬಂಗಲೆಯ ಹಾಜರಿ ಪುಸ್ತಕ

ಸಕಲೇಶಪುರವನ್ನು ದಾಟಿ ಮಂಗಳೂರಿನ ಹಾದಿ ಹಿಡಿದವರು ನಾಲ್ಕಾರು ಮೈಲಿ ಹೋಗುವಷ್ಟರಲ್ಲಿ ಮಂಜರಾಬಾದಿನ ಕೋಟೆಯ ಬುಡಕ್ಕೆ ಬರುತ್ತಾರೆ. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ ಈ ಎಂಟು ಮೂಲೆಯ ನಕ್ಷತ್ರದುರ್ಗವನ್ನು ಹತ್ತಿ, ಮಂಜು ಸರಿದರೆ ಕಡಲ ಕಡೆಯ ಕಣಿವೆಗಳನ್ನು ನೋಡಿ, ಚಿತ್ರ ತೆಗೆದುಕೊಂಡು ಇಳಿದುಬಿಟ್ಟರೆ ಈ ಸೀಮೆಯ ಚರಿತ್ರೆಯನ್ನು ಕಂಡಂತಾಯಿತೆಂದು ಬಹಳ ಮಂದಿಯ ಎಣಿಕೆ. ಆದರೆ ಟಿಪ್ಪುವಿನ ತರುವಾಯದ ಚರಿತ್ರೆ ಇಲ್ಲಿ ಕೋಟೆಯಲ್ಲಿಲ್ಲ. ಹೆದ್ದಾರಿಗೆ ಕಾಣದಂತೆ ಮರಗಳ ಮರೆಯಲ್ಲಿ ಕುಳಿತಿರುವ ಕಾಫಿ ತೋಟದ ಬಂಗಲೆಗಳಲ್ಲಿ ಇದೆ.

ಅಂಥ ಒಂದು ಬಂಗಲೆಯ ಮಗ್ಗುಲಲ್ಲಿಯೇ ನನ್ನ ಬಾಲ್ಯ ಕಳೆಯಿತು. ನಮ್ಮ ತಂದೆಯವರು ಆ ತೋಟದಲ್ಲಿ ರೈಟರಾಗಿದ್ದರು. ರೈಟರೆಂದರೆ ಗ್ರಂಥಕರ್ತರಲ್ಲ. ಬೆಳಗಿನ ಜಾವ ಆಳುಗಳ ಹಾಜರಿ ಹಿಡಿದು, ಹಗಲೆಲ್ಲ ತೋಟ ಸುತ್ತಿ, ರಾತ್ರಿ ಲಾಂದ್ರದ ಬೆಳಕಿನಲ್ಲಿ ಲೆಕ್ಕ ಬರೆಯುವವರು. ದೊರೆಗೆ ಗುಮಾಸ್ತರು, ಆಳುಗಳಿಗೆ ಯಜಮಾನರು. ನಮ್ಮ ಹೆಂಚಿನ ಮನೆಯಿಂದ ಬಂಗಲೆಗೆ ಒಂದು ಮೈಲಿಯೂ ಇರಲಿಲ್ಲ. ಚೀಟಿ ಕೊಟ್ಟು ಬರಲು ನಾನು ಎಷ್ಟೋ ಸಲ ಹೋಗಿದ್ದೇನೆ. ಆದರೆ ಹೋದದ್ದೆಲ್ಲ ಅಡಿಗೆಮನೆಯ ಕಡೆಯ ಬಾಗಿಲಿಗೆ. ಮುಂದಿನ ಹೂದೋಟದೊಳಕ್ಕೆ ಕಾಲಿಡಕೂಡದೆಂಬುದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಓದಿನ ನೆಪದಲ್ಲಿ ಹಾಸನಕ್ಕೆ ಸೇರಿ ಊರು ಬಿಟ್ಟೆ. ಮುಂದೆ ಕೆಲವೇ ವರ್ಷಗಳಲ್ಲಿ ದೊರೆ ತೋಟವನ್ನು ಮಾರಿ ಸೀಮೆಗೆ ಹೊರಟುಹೋದರು. ನಾವೂ ಅಲ್ಲಿಂದ ಕಿತ್ತೆವು.

ಈಗ ಆ ಬಂಗಲೆ ಹೋಂಸ್ಟೇ ಆಗಿದೆ. ದುಡ್ಡು ಕೊಟ್ಟವರು ಮುಂದಿನ ಬಾಗಿಲಿನಿಂದಲೇ ಹೋಗಬಹುದು. ಕಳೆದ ಮಾರ್ಚಿಯಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದ ವಾರ, ನಾನೂ ಹಾಗೆಯೇ ಹೋದೆ. ಕಾಫಿಯ ಹೂವಿನ ಆ ಮಲ್ಲಿಗೆಯಂಥ ಕಂಪು ಬಾಲ್ಯದಲ್ಲಿ ಹೇಗಿತ್ತೋ ಹಾಗೆಯೇ ಇತ್ತು. ಮೂರು ನಾಲ್ಕು ದಿನದ ಸಡಗರ. ಆಮೇಲೆ ದಳಗಳು ಕಂದಿ ಗಿಡಕ್ಕೇ ಅಂಟಿಕೊಳ್ಳುತ್ತವೆ.

ದೊರೆಗಳು ಬಂದ ಬಗೆ

ಬಂಗಲೆಯ ಒಳಕ್ಕೆ ಹೋಗುವ ಮೊದಲು ಈ ದೊರೆಗಳು ಇಲ್ಲಿಗೆ ಬಂದ ಬಗೆಯನ್ನು ಸ್ವಲ್ಪ ನೆನೆಯಬೇಕು. ಬಾಬಾ ಬುಡನ್ ಎಂಬ ಸಂತರು ಮೋಚಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ಬಹುಕಾಲ ಕಾಫಿ ಮಲೆನಾಡಿನ ಹಿತ್ತಲ ಬೆಳೆಯಾಗಿತ್ತು. ೧೮೩೦ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಬಾಬಾ ಬುಡನ್‌ಗಿರಿಯ ದಕ್ಷಿಣಕ್ಕೆ ಚಿಕ್ಕಮಗಳೂರಿನ ಕಡೆ ಕಾಡಿನ ನೆರಳಿನಲ್ಲಿ ತೋಟ ಮಾಡಿದನು. ಅವನಿಗೆ ಕೈಹತ್ತಿದ್ದನ್ನು ಕಂಡು ೧೮೪೩ರಲ್ಲಿ ಗ್ರೀನ್ ಎಂಬವನು ಮಂಜರಾಬಾದಿನ ದಕ್ಷಿಣ ಭಾಗದ ಐಗೂರಿನ ಬಳಿ ನೆಲ ಹಿಡಿದನು.

ಐಗೂರು ಎಂದೊಡನೆ ನಮ್ಮ ಕಡೆಯವರಿಗೆ ಬೇರೊಂದು ನೆನಪು ಬರುತ್ತದೆ. ಅದು ಬಲಂ ಸೀಮೆಯ ಪಾಳೆಯಗಾರರ ನೆಲೆ. ಶ್ರೀರಂಗಪಟ್ಟಣ ಬಿದ್ದ ಮೇಲೂ ಬಗ್ಗದೆ ಕಾಡಿನ ಕೋಟೆಗಳನ್ನು ಹಿಡಿದು ನಿಂತ ವೆಂಕಟಾದ್ರಿ ನಾಯಕನನ್ನು ೧೮೦೨ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಬೇಟೆಯಾಡಿತು, ನಾಯಕ ಗಲ್ಲಿಗೇರಿದನು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾದ ವೆಲ್ಲೆಸ್ಲಿ ಇವನೇ. ಆ ಗಲ್ಲಿಗೂ ಗ್ರೀನನ ತೋಟಕ್ಕೂ ನಡುವೆ ಕೇವಲ ೪೧ ವರ್ಷ. ನಾಯಕನನ್ನು ಬಚ್ಚಿಟ್ಟುಕೊಂಡಿದ್ದ ಕಾಡೇ ಈಗ ತೋಟದ ನೆಲವಾಯಿತು. ೧೮೩೧ರಿಂದ ೧೮೮೧ರವರೆಗೆ ಮೈಸೂರು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಕಾಲದಲ್ಲಿಯೇ ಈ ತೋಟಗಳು ಬೇರೂರಿದವು ಎಂಬುದನ್ನು ಮರೆಯಬಾರದು.

೧೮೫೬ರಲ್ಲಿ ಮಂಜರಾಬಾದಿನಲ್ಲಿ ತೋಟ ಆರಂಭಿಸಿದ ರಾಬರ್ಟ್ ಎಲಿಯಟ್ ಎಂಬವನು ಬರೆಯುವ ಹವ್ಯಾಸವುಳ್ಳವನಾಗಿದ್ದುದರಿಂದ ಈ ದೊರೆಗಳ ಬಾಳು ಹೇಗಿತ್ತೆಂದು ನಮಗೆ ಸಾಕಷ್ಟು ತಿಳಿಯುತ್ತದೆ. ೧೮೭೧ರಲ್ಲಿ ಒಂದು, ೧೮೯೪ರಲ್ಲಿ ಇನ್ನೊಂದು, ಹೀಗೆ ಎರಡು ಪುಸ್ತಕಗಳಲ್ಲಿ ಅವನು ತನ್ನ ಅನುಭವಗಳನ್ನು ಬರೆದಿಟ್ಟಿದ್ದಾನೆ. ಎರಡನೆಯ ಪುಸ್ತಕಕ್ಕೆ ಅವನಿಟ್ಟ ಹೆಸರಿನಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಅದರಡಿಯ ಉದ್ದನೆಯ ಉಪಶೀರ್ಷಿಕೆಯಲ್ಲಿ ಪ್ರಜಾಪ್ರತಿನಿಧಿ ಸಭೆ, ಕಾಂಗ್ರೆಸ್, ಜಾತಿ, ಬೆಳ್ಳಿಯ ನಾಣ್ಯದ ಸಮಸ್ಯೆ ಇಷ್ಟೂ ಇವೆ. ಕೂಲಿಯಾಳುಗಳಿಗೆ ಮಾತ್ರ ಅಲ್ಲಿ ಸ್ಥಳವಿಲ್ಲ.

ಮನೆ ಮತ್ತು ಹೂದೋಟ

ಬಂಗಲೆ ನಾನು ನೆನೆದುಕೊಂಡಿದ್ದಕ್ಕಿಂತ ಚಿಕ್ಕದು. ಮೂರು ಕಡೆ ಅಗಲವಾದ ಜಗಲಿ, ಎತ್ತರದ ಮಾಡು, ನಡುಮನೆಯಲ್ಲಿ ಬೆಂಕಿಗೂಡು, ಅದರ ಮೇಲೆ ಒಂದು ಕಡವೆಯ ಕೊಂಬು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ ಈ ಸೀಮೆಯಲ್ಲಿ ಬೆಂಕಿಗೂಡು ವೈಭವದ ವಸ್ತುವಲ್ಲ. ಆದರೆ ಕೆಳಗಿನ ಲೈನುಗಳಲ್ಲಿ ಇದ್ದವರಿಗೂ ಅದೇ ಮಳೆಯೇ ಸುರಿಯುತ್ತಿತ್ತು. ಅವರ ಕೋಣೆಯಲ್ಲಿ ಹೊಗೆ ಹೋಗಲು ಕಿಂಡಿಯೂ ಇರಲಿಲ್ಲ.

ನಮ್ಮನ್ನು ಸುತ್ತಾಡಿಸಿದ ಹುಡುಗನು ಮನೆ ೧೮೫೦ರದೆಂದು ಹೇಳಿದನು. ಹಿತ್ತಲಲ್ಲಿ ರಾಶಿ ಹಾಕಿದ್ದ ಹಳೆಯ ಹೆಂಚೊಂದನ್ನು ತಿರುಗಿಸಿ ನೋಡಿದೆ. ಬಾಸೆಲ್ ಮಿಷನ್ನಿನ ಮುದ್ರೆ. ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ೧೮೬೫ರಲ್ಲಿ. ಹಾಗಾದರೆ ಈ ಮಾಡಾದರೂ ಅದರ ಮುಂಚಿನದಲ್ಲ. ಮೊದಲ ದೊರೆಗಳು ಹುಲ್ಲುಮಾಡಿನ ಮನೆಗಳಲ್ಲಿಯೇ ಇದ್ದರು, ಚಳಿಜ್ವರದಲ್ಲಿ ನಡುಗಿದರು, ಕೆಲವರು ಅಲ್ಲಿಯೇ ಮಣ್ಣಾದರು. ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋದ ಗಾಡಿಗಳು ಬರಿದಾಗಿ ಬರುತ್ತಿರಲಿಲ್ಲ. ಉಪ್ಪು, ಒಣಮೀನು, ಹೆಂಚು ಹೊತ್ತು ಮೇಲೇರುತ್ತಿದ್ದವು. ಬಂಗಲೆಯ ಈ ಕೆಂಪು ಮಾಡು ಆ ಗಾಡಿಹಾದಿಯ ಫಲ.

ಇನ್ನು ಹೂದೋಟ. ಅದನ್ನು ಕಂಡು ನಾನು ನಿಜವಾಗಿಯೂ ಬೆರಗಾದೆ. ನುಣ್ಣಗೆ ಕತ್ತರಿಸಿದ ಹುಲ್ಲುಹಾಸು, ಅದರ ಅಂಚಿಗೆ ಗುಲಾಬಿ, ಜಗಲಿಯ ಮೆಟ್ಟಿಲ ಬದಿಯಲ್ಲಿ ನೀಲಿ ಹೈಡ್ರೇಂಜಿಯ, ಬಾಗಿಲಿಗೆ ಎದುರಾಗಿ ಹೂಬಿಟ್ಟ ಜಕರಾಂಡ. ಬಾಲ್ಯದಲ್ಲಿ ಬೇಲಿಯ ಸಂದಿಯಿಂದ ನೋಡಿದಾಗ ಇವೆಲ್ಲ ಇಲ್ಲಿಯೇ ಹುಟ್ಟಿದವೆಂದು ತಿಳಿದಿದ್ದೆ. ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ದಾರಿಯ ಎರಡು ಬದಿಯ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ಬೆಂಗಳೂರಿನ ಲಾಲ್‌ಬಾಗ್ ೧೮೫೬ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಇಂಥ ದೂರದೇಶದ ಗಿಡಗಳು ನಮ್ಮ ನಾಡಿನಲ್ಲಿ ಹರಡಲು ಅದೊಂದು ಹೆಬ್ಬಾಗಿಲಾಯಿತು. ಚೆಲುವಿಗೆಂದು ನಮ್ಮ ದೇಶಕ್ಕೆ ತಂದ ಗಿಡಗಳಲ್ಲಿ ಲಂಟಾನವೂ ಒಂದು. ಅದು ಬೇಲಿಯಲ್ಲಿ ನಿಲ್ಲದೆ ಕಾಡಿಗೆ ಹಾರಿ, ಮಲೆನಾಡಿನ ಎಷ್ಟು ನೆಲವನ್ನು ನುಂಗಿದೆಯೆಂಬುದನ್ನು ಅಲ್ಲಿ ದನ ಮೇಯಿಸಿದವರನ್ನು ಕೇಳಬೇಕು.

ನೆರಳಿನ ಪಾಠ

ಆದರೆ ಈ ಹೂದೋಟಕ್ಕಿಂತ ದೊಡ್ಡದಾದ, ಚಿತ್ರ ತೆಗೆಯುವವರು ತಿರುಗಿಯೂ ನೋಡದ ತೋಟವೊಂದು ಅದರ ಸುತ್ತಲೂ ಇದೆ. ಕಾಫಿ ಗಿಡಗಳ ಮೇಲೆ ಚಪ್ಪರ ಹಾಕಿದಂತೆ ನಿಂತಿರುವ ಹೆಮ್ಮರಗಳೇ ಆ ತೋಟ. ಅವು ತಾವಾಗಿ ಉಳಿದ ಕಾಡು ಎಂದು ನಗರದಿಂದ ಬಂದವರು ತಿಳಿಯುತ್ತಾರೆ. ನಿಜಾಂಶ ಬೇರೆ.

ಸಿಂಹಳದ ಪದ್ಧತಿಯನ್ನು ಅನುಸರಿಸಿದ ಹಲವು ದೊರೆಗಳು ಕಾಡನ್ನು ಕಡಿದು, ಸುಟ್ಟು, ಬಯಲಿನಲ್ಲಿ ಕಾಫಿ ನೆಟ್ಟರು. ಮೊದಲ ಫಸಲುಗಳು ಬಂಪರ್ ಆಗಿ ಬಂದವು. ೧೮೬೦ರ ದಶಕದ ಕೊನೆಯ ಹೊತ್ತಿಗೆ ಕಾಂಡಕೊರಕ ಹುಳು ಎರಗಿತು. ಇದರ ದುಂಬಿ ಬಿಸಿಲನ್ನು ಬಯಸುವಂಥದು. ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ನಿನ್ನೆ ಹಸಿರಾಗಿದ್ದ ಗಿಡ ಇಂದು ಜೋತುಬೀಳುತ್ತದೆ. ತೋಟಗಳಿಗೆ ತೋಟಗಳೇ ಹಾಳಾದವು. ಮದರಾಸು ಸರ್ಕಾರದ ಪರವಾಗಿ ವೈದ್ಯ ಜಾರ್ಜ್ ಬಿಡೀ ತನಿಖೆ ಮಾಡಿ ೧೮೬೯ರಲ್ಲಿ ವರದಿ ಒಪ್ಪಿಸಿದನು. ಅದೇ ವರ್ಷ ಸಿಂಹಳದಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು, ಮುಂದೆ ಅಲ್ಲಿಯ ಕಾಫಿಯನ್ನೇ ಅಳಿಸಿಹಾಕಿ ಚಹಕ್ಕೆ ದಾರಿ ಬಿಟ್ಟಿತು.

ಮೈಸೂರಿನ ಕಾಫಿ ಮಾತ್ರ ಉಳಿಯಿತು. ಇಲ್ಲಿಯ ದೊರೆಗಳು ತಪ್ಪನ್ನು ತಿದ್ದಿಕೊಂಡು ಮತ್ತೆ ನೆರಳಿನ ಮರಗಳನ್ನು ನೆಟ್ಟುದು ಅದಕ್ಕೆ ಒಂದು ಮುಖ್ಯ ಕಾರಣ. ಯಾವ ಮರ ನೆಡಬೇಕು? ಯಾವುದರ ನೆರಳು ತಂಪು, ಯಾವುದರದು ಬಿರುಸು? ಯಾವುದು ಕಾಫಿಯ ಬೇರಿನೊಡನೆ ಹೋರಾಡದು? ಮರದಡಿ ಏಲಕ್ಕಿ, ಮೆಣಸು, ಕಾಫಿ ಬೆಳೆದುಕೊಂಡು ಬಂದ ಮಲೆನಾಡಿನ ರೈತನಿಗೆ ಇದು ತಿಳಿದ ವಿದ್ಯೆಯಾಗಿತ್ತು. ಎಲಿಯಟ್ಟನ ಪುಸ್ತಕದಲ್ಲಿ ಒಳ್ಳೆಯ ನೆರಳುಮರಗಳ ಪಟ್ಟಿಯೊಂದಿದೆ. ಬಸರಿ, ಗೋಣಿ, ಅತ್ತಿ ಎಂಬ ಅಚ್ಚಕನ್ನಡದ ಹೆಸರುಗಳನ್ನೇ ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದಾನೆ. ಹೆಸರು ಹೇಳಿಕೊಟ್ಟವರ ನಾಲಗೆಯ ಗುರುತು ಹೀಗೆ ದೊರೆಯ ಗ್ರಂಥದಲ್ಲಿ ಉಳಿದುಬಿಟ್ಟಿದೆ. ಹೇಳಿಕೊಟ್ಟವರು ಯಾರೆಂಬುದು ಮಾತ್ರ ಉಳಿದಿಲ್ಲ. ಆ ಮರಗಳ ಸಸಿಗಳನ್ನು ತಲೆಯ ಮೇಲೆ ಹೊತ್ತು ತಂದು, ಗುಂಡಿ ತೋಡಿ, ದನ ಮೇಯದಂತೆ ಮುಳ್ಳು ಕಟ್ಟಿ ಬೆಳೆಸಿದವರ ಹೆಸರಂತೂ ಎಲ್ಲಿಯೂ ಇಲ್ಲ. ಇಂದು ಕಾಫಿಯ ವಿಷಯವಾಗಿ ಬರೆಯುವವರೆಲ್ಲ ನೆರಳಿನಲ್ಲಿ ಬೆಳೆದ ಕಾಫಿಯೆಂದು ಹೊಗಳುತ್ತಾರಲ್ಲ, ಆ ಹೊಗಳಿಕೆ ಸಲ್ಲಬೇಕಾದದ್ದು ಇವರಿಗೆ.

ಲೈನಿನ ಜನ

ಈ ಜನ ಬಂದದ್ದು ಹಲವು ಕಡೆಗಳಿಂದ: ಘಟ್ಟದ ಕೆಳಗಿನ ತುಳುನಾಡಿನಿಂದ, ಬಯಲುಸೀಮೆಯಿಂದ, ತಮಿಳು ನಾಡಿನಿಂದ. ಸುಗ್ಗಿ ಮುಗಿದ ಮೇಲೆ ಮೇಸ್ತ್ರಿ ಊರೂರಿಗೆ ಹೋಗಿ ಮುಂಗಡ ಹಣ ಹಂಚುತ್ತಿದ್ದನು. ಹಣ ಹಿಡಿದವರು ಹೆಂಡಿರು ಮಕ್ಕಳೊಡನೆ ತೋಟಕ್ಕೆ ಬರುತ್ತಿದ್ದರು. ಮುಂಗಡ ತೀರುವವರೆಗೆ ಹೋಗುವಂತಿಲ್ಲ. ಹೋದರೆ? ೧೮೫೯ರ ೧೩ನೆಯ ಕಾಯಿದೆಯೆಂಬುದೊಂದಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ, ಕೆಲಸಕ್ಕೆ ಹಿಂದಿರುಗುವಂತೆ ಆಜ್ಞೆ ಮಾಡಿಸಿ, ಒಪ್ಪದಿದ್ದರೆ ಸೆರೆಮನೆಗೆ ಕಳಿಸಲು ಅದರಲ್ಲಿ ಅವಕಾಶವಿತ್ತು. ಸಾಲ ತೀರಿಸದ ವ್ಯಾಪಾರಿಯ ವಿಷಯ ಸಿವಿಲ್ ವ್ಯಾಜ್ಯ. ಮುಂಗಡ ತೀರಿಸದ ಕೂಲಿಯ ವಿಷಯ ಅಪರಾಧ! ದಕ್ಷಿಣ ಭಾರತದ ತೋಟಗಾರರು ಬಹುಕಾಲ ನೆಚ್ಚಿಕೊಂಡಿದ್ದ ಈ ಕಾಯಿದೆ ರದ್ದಾದದ್ದು ೧೯೨೬ರಲ್ಲಿ. ತೋಟಗಾರರು ತಮ್ಮ ಹಿತವನ್ನು ಕಾಯಲು ೧೮೯೩ರಲ್ಲಿಯೇ ದಕ್ಷಿಣ ಭಾರತಕ್ಕೆಲ್ಲ ಒಂದು ಸಂಘ ಕಟ್ಟಿಕೊಂಡಿದ್ದರು. ಆಳುಗಳ ಮನೆ, ನೀರು, ಔಷಧ, ಮಕ್ಕಳ ಆರೈಕೆ ಇವನ್ನು ತೋಟದವರ ಹೊಣೆಯಾಗಿಸಿದ ಕಾಯಿದೆ ಬರಲು ೧೯೫೧ನೆಯ ಇಸವಿಯವರೆಗೆ ಕಾಯಬೇಕಾಯಿತು.

ದೊರೆಗಳೆಲ್ಲ ಕ್ರೂರಿಗಳಾಗಿದ್ದರೆಂದು ನಾನು ಹೇಳಲಾರೆ. ನಮ್ಮ ದೊರೆ ಜ್ವರ ಬಂದ ಆಳಿಗೆ ತಾನೇ ಕ್ವಿನೈನು ಅಳೆದು ಕೊಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ದೊರೆ, ಕುಯ್ಲಿನ ಕಾಲದಲ್ಲಿ ಬುಟ್ಟಿಯಲ್ಲಿ ಹಸುರು ಕಾಯಿ ಕಂಡರೆ ಅರ್ಧ ದಿನದ ಕೂಲಿ ಹಿಡಿಯುವಂತೆ ಅಪ್ಪಣೆ ಮಾಡುತ್ತಿದ್ದುದನ್ನೂ ಕಂಡಿದ್ದೇನೆ.

ಗಾಜಿನ ಬೀರುವಿನಲ್ಲಿ

ಊಟದ ಕೋಣೆಯ ಮೂಲೆಯಲ್ಲಿ ಗಾಜಿನ ಬೀರುವೊಂದನ್ನು ಇಟ್ಟಿದ್ದಾರೆ. ಒಳಗೆ ಹಳೆಯ ಟೈಪ್‌ರೈಟರು, ಗ್ರಾಮಫೋನು, ಬೇಟೆಯ ಬಂದೂಕಿನ ಮುರಿದ ಹಿಡಿ, ಇವುಗಳ ನಡುವೆ ಕೆಂಪು ಬಟ್ಟೆಯ ರಟ್ಟಿನ ಒಂದು ದಪ್ಪ ಪುಸ್ತಕ. ಪಕ್ಕದ ಚೀಟಿಯಲ್ಲಿ ‘ಹಳೆಯ ಲೆಕ್ಕದ ಪುಸ್ತಕ’ ಎಂದಷ್ಟೇ ಇತ್ತು. ಮಾಲಿಕರನ್ನು ಕೇಳಿ ತೆಗೆಸಿದೆ. ತೆರೆದೊಡನೆ ತಂದೆಯವರ ಅಕ್ಷರ! ಮುತ್ತು ಪೋಣಿಸಿದಂತೆ ಎಂದು ಊರಿಗೆಲ್ಲ ಹೆಸರಾಗಿದ್ದ ಅಕ್ಷರ. ೧೯೫೦ರ ದಶಕದ ನಡುವಿನ ಒಂದು ಹಾಜರಿ ಪುಸ್ತಕ, ನಮ್ಮ ಕಡೆಯವರು ಚೆಕ್‌ರೋಲು ಎನ್ನುವುದು.

ಎಡಕ್ಕೆ ಹೆಸರು. ಒಂದೇ ಹೆಸರಿನವರು ನಾಲ್ಕೈದು ಮಂದಿ. ದೊಡ್ಡ, ಸಣ್ಣ, ಕರಿ, ಕುಳ್ಳ ಎಂಬ ವಿಶೇಷಣಗಳಿಂದ ತಂದೆಯವರು ಅವರನ್ನು ಬೇರ್ಪಡಿಸಿದ್ದರು. ಎದುರಿಗೆ ತಿಂಗಳ ದಿನಗಳ ಮನೆಗಳು. ಬಂದ ದಿನಕ್ಕೆ ನೆಟ್ಟನೆಯ ಗೀಟು, ಬಾರದ ದಿನಕ್ಕೆ ಸೊನ್ನೆ, ಅರ್ಧ ಹಾಜರಿಗೆ ಕೆಂಪು ಮಸಿಯ ಅಡ್ಡಗೀಟು. ಬಲಗಡೆಯಲ್ಲಿ ಕೂಲಿ, ಅಕ್ಕಿ, ಕಂಬಳಿ, ಮುಂಗಡ. ಕೊನೆಯ ಕಾಲಂ ಬಾಕಿ.

ನಮ್ಮ ಮನೆಯಲ್ಲಿ ತಂದೆಯವರ ಕಥೆ ನಾವು ಹೇಳಿಕೊಳ್ಳುತ್ತಿದ್ದ ರೀತಿ ಒಂದಿತ್ತು: ದೊರೆಯ ಬಾಯಿಗೆ ಅಂಜಿ, ಕಡಮೆ ಸಂಬಳಕ್ಕೆ ದುಡಿದು, ಬಂಗಲೆಯ ಜಗಲಿಯಲ್ಲಿ ಒಂದು ದಿನವೂ ಕುರ್ಚಿಯ ಮೇಲೆ ಕೂರದೆ ಸವೆದುಹೋದ ಜೀವ. ಆ ಕಥೆ ಸುಳ್ಳಲ್ಲ. ಆದರೆ ಪುಟ ತಿರುಗಿಸಿದಂತೆಲ್ಲ ಕೆಂಪು ಗೀಟುಗಳು ಬೆಳೆಯುತ್ತಾ ಹೋದವು. ಡಿಸೆಂಬರು, ಜನವರಿಯ ಪುಟಗಳಲ್ಲಿ ಕರಿಗೀಟಿಗಿಂತ ಅವೇ ಹೆಚ್ಚೆನ್ನಬೇಕು. ಒಂದು ಕಡೆ ಹೆಸರೊಂದನ್ನು ಹೊಡೆದು ‘ಮೃತ’ ಎಂದು ಬರೆದಿತ್ತು. ಅವನ ಬಾಕಿ ಮುಂದಿನ ಸಾಲಿನಲ್ಲಿ ಮಗನ ಹೆಸರಿಗೆ ಏರಿತ್ತು. ಜೀತವನ್ನು ನಿಷೇಧಿಸಿ, ಅಂಥ ಸಾಲಗಳನ್ನು ಅಳಿಸಿಹಾಕಿದ ಕಾನೂನು ಬಂದದ್ದು ೧೯೭೬ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲಿನ ಈ ಸಾಲನ್ನು ಅಪ್ಪಣೆ ಮಾಡಿದವನು ದೊರೆಯೇ ಇರಬಹುದು. ಬರೆದ ಕೈ ನಮ್ಮ ತಂದೆಯವರದು. ಅದೇ ಕೈ ಹಿಡಿದು ನಾನು ಅಕ್ಷರ ಕಲಿತದ್ದು.

ಕಾಫಿ ತಂದ ಹೆಂಗಸು ಲೋಟ ಇಟ್ಟು ಅಲ್ಲಿಯೇ ನಿಂತಳು. ವಯಸ್ಸಾದವಳು, ಲೈನಿನಲ್ಲಿ ಹುಟ್ಟಿ, ತೋಟದಲ್ಲಿ ದುಡಿದು, ಈಗ ಅಡಿಗೆಮನೆಯಲ್ಲಿ ಕೈಯಾಸರೆಗೆ ಇದ್ದಾಳೆ. ‘ಅದರಲ್ಲಿ ಜನರ ಹೆಸರು ಐತಾ?’ ಎಂದು ಕೇಳಿದಳು. ಇದೆ ಎಂದೆ. ತನ್ನ ತಂದೆಯ ಹೆಸರು ಹೇಳಿದಳು. ಹುಡುಕಲು ಹೊತ್ತು ಹಿಡಿಯಲಿಲ್ಲ. ಆ ತಿಂಗಳು ೨೬ ದಿನ ಕೆಲಸ. ಅದರಲ್ಲಿ ೧೧ ಅರ್ಧ ಹಾಜರಿ. ನಾನು ಬೆರಳಿಟ್ಟು ತೋರಿಸಿದೆ. ಅವಳಿಗೆ ಓದು ಬರದು. ಆದರೂ ಹೆಸರಿನ ಮೇಲೆ ಬಹಳ ಹೊತ್ತು ಕಣ್ಣಿಟ್ಟಳು. ಆ ಕೆಂಪು ಗೀಟು ಏನೆಂದಳು. ಹೇಳಿದೆ. ಬರೆದವರು ಯಾರೆಂದೂ ಹೇಳಿದೆ. ಹೇಳದೆ ಇರಬಹುದಾಗಿತ್ತು, ಆದರೆ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಸುಮ್ಮನಿರಲು ಆಗಲಿಲ್ಲ.

ಅವಳು ಕೋಪಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ರೈಟರಪ್ಪ ಕಾಗದ ಓದಿ ಹೇಳೋರು’ ಎಂದು ಮಾತ್ರ ಅಂದು, ತಂದೆಯ ಹೆಸರನ್ನು ಇನ್ನೊಮ್ಮೆ ಓದಿಸಿ ಕೇಳಿ, ಖಾಲಿ ಲೋಟ ತೆಗೆದುಕೊಂಡು ಹೋದಳು.

ಈಗ ಮಲೆನಾಡಿನಲ್ಲಿ ಹಲವಾರು ಬಂಗಲೆಗಳು ಪ್ರವಾಸಿಗರಿಗೆ ಬಾಗಿಲು ತೆರೆದಿವೆ. ಒಳ್ಳೆಯದೇ ಆಯಿತು, ಮುಚ್ಚಿದ ಬಾಗಿಲಿಗಿಂತ ತೆರೆದ ಬಾಗಿಲು ಮೇಲು. ಅಲ್ಲಿ ದೊರೆಯ ಬೇಟೆಯ ಕಥೆ ಹೇಳುತ್ತಾರೆ, ದೊರೆಸಾನಿಯ ಗುಲಾಬಿಯ ಕಥೆ ಹೇಳುತ್ತಾರೆ. ಹೇಳಲಿ. ಆದರೆ ಆ ಬಂಗಲೆಗಳ ಅಟ್ಟಗಳಲ್ಲಿ, ಹಳೆಯ ಕಚೇರಿಯ ಪೆಟ್ಟಿಗೆಗಳಲ್ಲಿ ಇಂಥ ಹಾಜರಿ ಪುಸ್ತಕಗಳು ಗೆದ್ದಲಿಗೆ ಆಹಾರವಾಗುತ್ತಿವೆ. ರಾಜರಿಗೆ ಶಾಸನಗಳಿವೆ, ದೊರೆಗಳಿಗೆ ಅವರೇ ಬರೆದ ಗ್ರಂಥಗಳಿವೆ. ಬಸರಿ, ಗೋಣಿಗಳನ್ನು ನೆಟ್ಟವರಿಗೆ, ಕಾಫಿ ಕುಯ್ದವರಿಗೆ ಬರಹದಲ್ಲಿ ಇರುವ ಸಾಕ್ಷಿ ಬಹುಮಟ್ಟಿಗೆ ಇದೊಂದೇ. ಅದರಲ್ಲಿ ಅವರ ಹೆಸರಿನೊಡನೆ ನಮ್ಮಂಥವರ ತಂದೆಯರ ಕೆಂಪು ಮಸಿಯೂ ಇದೆ ಎಂಬ ಸಂಕೋಚದಿಂದ ಅವನ್ನು ಮರೆಮಾಡಬೇಕಾಗಿಲ್ಲ. ಮಾಲಿಕರು ಅವನ್ನು ರಾಜ್ಯ ಪತ್ರಾಗಾರಕ್ಕೋ ಯಾವುದಾದರೂ ವಿಶ್ವವಿದ್ಯಾಲಯಕ್ಕೋ ಒಪ್ಪಿಸಿದರೆ ದೊಡ್ಡ ಉಪಕಾರವಾದೀತು.

ಹೊರಡುವ ಮುಂಚೆ ಬೀರುವಿನ ಚೀಟಿಯನ್ನು ಬದಲಿಸುವಂತೆ ಮಾಲಿಕರನ್ನು ಕೇಳಿಕೊಂಡೆ. ಏನೆಂದು ಬರೆಯಬೇಕೆಂದು ಅವರು ಕೇಳಿದರು. ‘ಈ ತೋಟ ಮಾಡಿದವರ ಹೆಸರುಗಳು’ ಎಂದು ಬರೆದರೆ ಸಾಕೆಂದೆ. ಅವರು ಕೂಡಲೇ ಹಾಳೆಯೊಂದನ್ನು ತಂದುಕೊಟ್ಟರು. ಅಕ್ಷರ ನನ್ನದು ತಂದೆಯವರದಷ್ಟು ಚೆನ್ನಾಗಿಲ್ಲ. ಆದರೂ ಬರೆದು ಕೊಟ್ಟು ಬಂದೆ.